ಮಾರ್ತಂಡ ಸಾಹೇಬರ ಮನೆತನದ ನಕಾಶೆ

ಮೋಜಣಿ ಖಾತೆಗೆ ಹೊಸದಾಗಿ ಸೇರಿದ ಇಬ್ಬರು ತರುಣರು ಕಳೆದ ತಿಂಗಳು ನಮ್ಮ ಮನೆಗೆ ಬಂದಿದ್ದರು. ಹೊಲ ಅಳೆಯುವುದನ್ನು ತರಬೇತಿಯಲ್ಲಿ ಕಲಿಸಿದ್ದಾರೆ, ಅದರಾಚೆ ತಿಳಿಯಬೇಕಾದದ್ದು ಏನಾದರೂ ಇದ್ದರೆ ಹೇಳಿರಿ ಎಂದರು. ಒಂದು ಕಪ್ ಚಹಾ ಮುಗಿಯುವಷ್ಟರಲ್ಲಿ ಹೇಳಿ ತೀರುವ ಮಾತಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ದರ್ಜೆಯಲ್ಲಿ ನಿವೃತ್ತನಾದೆ ಎಂಬುದರಲ್ಲಿ ಯಾರಿಗೂ ಉಪಯೋಗವಿಲ್ಲ. ನಾನು ಮಾಡಿದ ತಪ್ಪುಗಳಿಂದ ಬೇಕಾದರೆ ಉಪಯೋಗವಾದೀತು.

ಚಿಕ್ಕೇರೂರಿನ ಒಕ್ಕಲುತನದ ಮನೆಯಿಂದ ಬಂದವನು ನಾನು. ಮೂವತ್ತರ ದಶಕದ ನಡುವಿನಲ್ಲಿ, ನಮ್ಮ ಭಾಗ ಮುಂಬೈ ಇಲಾಖೆಯಲ್ಲಿದ್ದ ಕಾಲ, ಶಿಗ್ಗಾಂವಿಯಲ್ಲಿ ಮೋಜಣಿದಾರನಾಗಿ ಕೆಲಸಕ್ಕೆ ಹತ್ತಿದೆ. ಹೊಲ ಅಳೆದು ನಕಾಶೆ ಬರೆಯುವವನೇ ಮೋಜಣಿದಾರ. ಕೆಲಸ ಕಲಿಸಿದವರು ಸವಣೂರಿನ ಹುಸೇನಸಾಬರು. ಬಿಳಿ ಗಡ್ಡ, ಕರಿ ಟೊಪ್ಪಿಗೆ, ಬಾಯಲ್ಲಿ ಸದಾ ಸವಣೂರ ಎಲೆ. ಆಗ ನಮ್ಮ ಸಾಮಾನೆಂದರೆ ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿ, ಸರಪಳಿಗೊಂದರಂತೆ ನೆಲಕ್ಕೆ ಚುಚ್ಚುವ ಮೊಳೆಗಳು, ದೊಡ್ಡ ಕೆಲಸವಿದ್ದರೆ ಮೂರು ಕಾಲಿನ ಮೇಲೆ ನಿಲ್ಲಿಸುವ ನಕಾಶೆಯ ಹಲಗೆ. ಎಳೆದೆಳೆದು ಸರಪಳಿ ಉದ್ದವಾಗುತ್ತಿತ್ತು. ಕಚೇರಿಯ ಕಟ್ಟೆಯ ಮೇಲೆ ಕೊರೆದ ಎರಡು ಗೆರೆಗಳ ನಡುವೆ ಅದನ್ನು ಹಾಸಿ, ಹಿಗ್ಗಿದ ಕೊಂಡಿಗಳನ್ನು ಬಡಿದು ಸರಿಮಾಡುವ ತನಕ ಹುಸೇನಸಾಬರು ಯಾರನ್ನೂ ಹೊಲಕ್ಕೆ ಬಿಡುತ್ತಿರಲಿಲ್ಲ. ಈಗ ಟೇಪು ಬಂದಿದೆ, ದುರ್ಬೀನು ಕೂಡಿಸಿದ ಯಂತ್ರ ಬಂದಿದೆ. ಹೊಲದ ಗಡಿಯ ಬಾಂದಿನ ಮೇಲೆ ನಿಂತೇ ಆಚೆ ದಂಡೆಯನ್ನು ಅಳೆಯಬಹುದು. ನಮಗೆ ಹಾಗಿರಲಿಲ್ಲ. ಪ್ರತಿ ಮಾರು ನೆಲವನ್ನೂ ಕಾಲಿಂದ ತುಳಿಯಬೇಕು, ಮುಳ್ಳಿದ್ದರೆ ಚುಚ್ಚಿಸಿಕೊಳ್ಳಬೇಕು.

ಮೊದಲ ವರ್ಷ ಹತ್ತಿಯ ಹೊಲವೊಂದರಲ್ಲಿ ನನ್ನ ಒಂದು ಮೊಳೆ ಗಿಡದ ಸಂದಿಯಲ್ಲೇ ಉಳಿದುಬಿಟ್ಟಿತು. ಕೊನೆಗೆ ಕಿತ್ತು ತಂದ ಮೊಳೆಗಳ ಎಣಿಕೆಯಲ್ಲಿ ಒಂದು ಸರಪಳಿ ಕಡಿಮೆಯಾಯಿತು. ರೈತನ ಹೊಲ ಕಾಗದದ ಮೇಲೆ ಸಣ್ಣದಾಯಿತು. ಹುಸೇನಸಾಬರು ನನ್ನನ್ನು ಅದೇ ಹೊಲಕ್ಕೆ ಕರೆದುಕೊಂಡು ಹೋಗಿ ರೈತನ ಎದುರು ನಿಲ್ಲಿಸಿದರು.

“ಹೇಳಪಾ, ಏನಾತು?”

ನಾನು ಬಿಸಿಲು, ಗಿಡ, ಸರಪಳಿ ಹಿಡಿದವ ಎಂದೆಲ್ಲ ಹೇಳಲು ಹೊರಟೆ. ಅವರು ಕೈ ಅಡ್ಡ ಮಾಡಿದರು.

“ಅವೆಲ್ಲಾ ಬ್ಯಾಡ. ‘ತಪ್ಪ ಆತ್ರಿ, ಮತ್ತ ಅಳೀತೇನಿ’ ಅನ್ನು. ಅಷ್ಟ ಅನ್ನಾಕ ಬಂದ್ರ ನೀ ಮೋಜಣಿದಾರ. ಇಲ್ಲಾಂದ್ರ ಸರಪಳಿ ಹೊರೋ ಹಮಾಲ.”

ಅಂದೆ. ಮತ್ತೆ ಅಳೆದೆ. ಆ ಮಾತನ್ನು ಕಲಿತೆ ಎಂದುಕೊಂಡಿದ್ದೆ. ಹಾನಗಲ್ಲಿಗೆ ಬಂದ ಮೇಲೆ ಗೊತ್ತಾಯಿತು, ಪೂರ್ತಿ ಕಲಿತಿರಲಿಲ್ಲ.

ಹಾನಗಲ್ ತಾಲೂಕಿಗೆ ಬಂದಾಗ ನಮ್ಮ ಪ್ರಾಂತ ಸಾಹೇಬರು, ಅಂದರೆ ಕೆಲವು ತಾಲೂಕುಗಳ ಕಂದಾಯದ ಮೇಲಧಿಕಾರಿ, ಆಗಿದ್ದವರು ಮಾರ್ಟನ್ ಎಂಬ ಬಿಳಿಯರು. ಮಾರ್ತಂಡನೆಂದೂ ಕರೆಯುವ ಮೈಲಾರನ ಒಕ್ಕಲಿನ ನಮ್ಮ ಜನ ಆ ಹೆಸರನ್ನು ಎರಡು ದಿನದಲ್ಲಿ ಮಾರ್ತಂಡ ಮಾಡಿದರು. ಸಾಹೇಬರೂ ಅದಕ್ಕೆ ಓಗೊಡುತ್ತಿದ್ದರು. ಉದ್ದನೆಯ ಆಳು, ಕೆಂಪು ಕತ್ತು, ನಗು ಕಡಿಮೆ. ಕನ್ನಡವನ್ನು ಒಬ್ಬ ಪಂಡಿತರ ಹತ್ತಿರ ಪುಸ್ತಕದಿಂದ ಕಲಿತಿದ್ದರು. ತಳವಾರನಿಗೂ “ತಾವು ಎಲ್ಲಿಗೆ ಹೋಗುವಿರಿ?” ಎನ್ನುವರು. ತಳವಾರ ಹಿಂದೆ ಇನ್ನಾರೋ ನಿಂತಿದ್ದಾರೆಂದು ತಿರುಗಿ ನೋಡುವನು. ಇಂಗ್ಲೆಂಡಿನವರೇ ಎಂದು ಯಾರಾದರೂ ಅಂದರೆ ಮಾತ್ರ ಅವರ ಮುಖ ಬಿಗಿಯುತ್ತಿತ್ತು. “ನಾನು ಐರ್ಲೆಂಡಿನವನು. ಅದು ಬೇರೆ ದೇಶ” ಎನ್ನುವರು.

ಆಗ ಹಾನಗಲ್ಲಿಗೂ ಅಕ್ಕಿಆಲೂರಿಗೂ ನಡುವಿನ ಒಂದು ದೇಸಾಯರ ವಾಡೆಯಲ್ಲಿ ಅಣ್ಣತಮ್ಮಂದಿರ ಮಕ್ಕಳಿಬ್ಬರಿಗೆ ಹೊಂದಲಿಲ್ಲ. ಭೂಮಿ ಪಾಲಾಗಬೇಕೆಂದು ಕೋರ್ಟು ಹೇಳಿತು. ನೆಲ ಅಳೆದು ಎರಡು ಪಾಲು ಮಾಡಿಸುವ ಕೆಲಸ ಪ್ರಾಂತ ಸಾಹೇಬರಿಗೆ ಬಂತು, ನಕಾಶೆ ಬರೆಯುವ ಕೆಲಸ ನನಗೆ. ಗದ್ದೆ, ತೋಟ, ಎರಡು ಕೆರೆ, ಮಾವಿನ ತೋಪು. ಎರಡು ತಿಂಗಳು ಅಳೆದೆ. ಕೊನೆಗೆ ಉಳಿದದ್ದು ಸಣ್ಣ ಕೆರೆಯ ಏರಿಯ ಕೆಳಗಿನ ಬೇವಿನಕೇರಿ. ಅಂದು ಚೈತ್ರದ ಬಿಸಿಲು ನೆತ್ತಿಯ ಮೇಲಿತ್ತು. ವಾಡೆಯಲ್ಲಿ ಊಟಕ್ಕೆ ಎಲೆ ಹಾಕಿದ್ದರು. ಏರಿಯ ಮೇಲೆ ನನ್ನ ಜೊತೆ ನಿಂತಿದ್ದ ವಾಡೆಯ ಕಾರಭಾರಿ ಕೆಳಗಿನ ಹುಲ್ಲು ಚಾವಣಿಗಳತ್ತ ಕೈ ಬೀಸಿದ.

“ಅವೇನ್ ಮನೀ ಏನ್ರಿ? ಸುಗ್ಗೀ ಗುಡಸಲಾ. ಇವತ್ತ ಅದಾವು, ನಾಳೆ ಕಿತ್ಗೊಂಡ ಹೋಗ್ತಾರ. ಖುಲ್ಲಾ ಜಾಗಾ ಅಂತ ಬರಕೊಳ್ರಿ, ನಡೀರಿ, ಊಟಕ್ಕ ಹೊತ್ತಾತು.”

ಕಾಯಂ ಕಟ್ಟಡಗಳನ್ನು ಮಾತ್ರ ನಕಾಶೆಯಲ್ಲಿ ತೋರಿಸಬೇಕು ಎಂಬ ನಿಯಮವೂ ಇತ್ತು. ನಾನು ಏರಿಯಿಂದ ಕೆಳಗಿಳಿಯಲಿಲ್ಲ. ‘ಖುಲ್ಲಾ’, ಅಂದರೆ ಖಾಲಿ ಜಾಗ ಎಂದು ಬರೆದು ಸಹಿ ಮಾಡಿದೆ. ಆ ಜಾಗ ಸಣ್ಣ ದೇಸಾಯರ ಪಾಲಿಗೆ ಬರುವುದಿತ್ತು. ಅಲ್ಲಿ ಕಬ್ಬು ಹಚ್ಚಬೇಕೆಂದು ಅವರು ಆಗಲೇ ಹೇಳಿಕೊಳ್ಳುತ್ತಿದ್ದರು.

ಪಾಲಿನ ಹುಕುಮು ಬರೆದು ಮುಗಿಯುವ ತನಕ ಸಾಹೇಬರು ಮಾವಿನ ತೋಪಿನಲ್ಲಿ ಡೇರೆ ಹಾಕಿಸಿ ಉಳಿದರು. ಒಂದು ಮಧ್ಯಾಹ್ನ ನಾನು ಹಲಗೆಯ ಮುಂದೆ ಕುಳಿತು ಗೆರೆಗಳಿಗೆ ಮಸಿ ಹಾಕುತ್ತಿದ್ದೆ. ಅವರು ಬಂದು ಬಹಳ ಹೊತ್ತು ಹಿಂದೆ ನಿಂತರು.

“ಚನ್ನಬಸಪ್ಪನವರೇ, ಈಗ ಇಲ್ಲದ ಒಂದು ಸ್ಥಳದ ನಕಾಶೆಯನ್ನು ತಾವು ಬರೆಯಬಲ್ಲಿರೋ?”

“ಇಲ್ಲದ್ದು ಅಂದ್ರ ಹೆಂಗ್ರಿ, ಸಾಹೇಬ್ರ?”

ಅವರು ಮಡಿಸುವ ಕುರ್ಚಿಯನ್ನು ಎಳೆದುಕೊಂಡು ಕುಳಿತರು. ಅವರ ಮನೆತನದ ಕತೆ ನಾನು ಕೇಳಿದ್ದು ಆಗ. ಮುನ್ನೂರು ವರ್ಷದ ಹಿಂದೆ ಅವರ ಹಿರಿಯರು ಇಂಗ್ಲೆಂಡಿನ ದೊರೆಯ ದಂಡಿನೊಡನೆ ಸಮುದ್ರ ದಾಟಿ ಐರ್ಲೆಂಡಿಗೆ ಹೋದರಂತೆ. ಅಲ್ಲಿಯವರ ನೆಲವನ್ನೇ ಕಸಿದು ದೊರೆ ಇವರಿಗೆ ಇನಾಮು ಕೊಟ್ಟ. ಕೆರೆಯ ದಂಡೆಗೆ ಕಲ್ಲಿನ ದೊಡ್ಡ ಮನೆ ಕಟ್ಟಿಸಿದರು. ಅಜ್ಜನ ಕಾಲದಲ್ಲಿ ಬಟಾಟೆ ಬೆಳೆ ಕೊಳೆತು ಭಯಂಕರ ಬರ ಬಿದ್ದಾಗ, ಹಸಿದ ಜನರಿಗೆ ಗಂಜಿ ಹಾಕಿ ಅವರ ಕೈಯಿಂದಲೇ ಎಸ್ಟೇಟಿನ ಸುತ್ತ ಗೋಡೆ ಕಟ್ಟಿಸಿದರು. ಮುಂದೆ ಕಾಯಿದೆ ಬಂದು ಭೂಮಿಯ ಬಹುಪಾಲು ಒಕ್ಕಲುಗಳಿಗೇ ಹೋಯಿತು. ಮನೆ, ಕೆರೆ, ಸುತ್ತಲಿನ ತೋಟ ಉಳಿದಿದ್ದವು. ಸಾಹೇಬರು ಪರವೂರಿನಲ್ಲಿ ಓದುತ್ತಿದ್ದಾಗ ಅಲ್ಲಿ ಸ್ವರಾಜ್ಯದ ಗದ್ದಲವಾಗಿ ಒಂದು ದಿನ ಮನೆಯನ್ನೂ ಸುಟ್ಟರು. ತಂದೆ ಆ ಕೊರಗಿನಲ್ಲೇ ತೀರಿಕೊಂಡರು. ತಾಯಿ ಇಂಗ್ಲೆಂಡಿನ ಒಂದು ಕಡಲೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ಇದ್ದರು.

“ನಾನು ನಮ್ಮ ಮನೆತನದ ಇತಿಹಾಸವನ್ನು ಬರೆಯುತ್ತಿದ್ದೇನೆ. ತಾಯಿಯವರಿಗಾಗಿ. ಮೊದಲ ಪುಟದಲ್ಲಿ ನಕಾಶೆ ಬೇಕು. ನಮ್ಮಲ್ಲಿದ್ದುದು ಮನೆಯೊಡನೆ ಸುಟ್ಟುಹೋಯಿತು” ಎಂದರು.

ನಾನು ಒಪ್ಪಿದೆ. ಹೊಸ ಕಾಗದ ಹಚ್ಚಿದೆ. ದಿನವೂ ಕಚೇರಿ ಕೆಲಸ ಮುಗಿದ ಮೇಲೆ ನಾಲ್ಕು ಗಂಟೆಗೆ ನಮ್ಮ ಈ ವಿಚಿತ್ರ ಮೋಜಣಿ ನಡೆಯುತ್ತಿತ್ತು. ಸರಪಳಿ ಇಲ್ಲ; ಸಾಹೇಬರ ನೆನಪೇ ಸರಪಳಿ. ಹೆಬ್ಬಾಗಿಲಿನಿಂದ ಮನೆಗೆ ಎಷ್ಟು ಹೆಜ್ಜೆ ಎಂದರೆ ಅವರು ಕಣ್ಣು ಮುಚ್ಚಿಕೊಂಡು ಮಾವಿನ ಮರಗಳ ನಡುವೆ ನಡೆದು ತೋರಿಸುವರು, ನಾನು ಎಣಿಸುವೆ. ಕೆರೆ ಸುತ್ತಲು ಕುದುರೆಗೆ ಎಷ್ಟು ಹೊತ್ತು ಹಿಡಿಯುತ್ತಿತ್ತೆಂದು ಕೇಳಿ ಅದರಿಂದ ಅಂದಾಜು ಕಟ್ಟುವೆ. ದಿಕ್ಕಿಗಾಗಿ ಬಿಸಿಲು ಕೇಳಿದೆ.

“ಹೊತ್ತು ಮುಳುಗೂವಾಗ ಯಾವ ಕಿಟಕ್ಯಾಗ ಬಿಸಲ ಬೀಳತಿತ್ರಿ?”

ಹೇಳಿದರು. ಅದನ್ನೇ ಪಡುವಣವೆಂದು ಹಿಡಿದು ಮನೆ ಬರೆದೆ. ಮರುದಿನ ಕೆರೆ ಬರೆದು ನೋಡಿದರೆ ಅದು ಮನೆಯ ಅಂಗಳಕ್ಕೇ ನುಗ್ಗಿತ್ತು. ಎಲ್ಲಿ ತಪ್ಪಿತೆಂದು ಎರಡು ದಿನ ತಲೆ ಕೆಡಿಸಿಕೊಂಡೆವು. ಆಮೇಲೆ ಸಾಹೇಬರಿಗೆ ಹೊಳೆಯಿತು. ಅವರ ಊರಿನಲ್ಲಿ ಬೇಸಿಗೆಯ ಹೊತ್ತು ನಮ್ಮಂತೆ ನೇರ ಪಡುವಣಕ್ಕೆ ಮುಳುಗುವುದಿಲ್ಲವಂತೆ, ಬಡಗಣದ ಕಡೆಗೆ ಬಹಳ ಸರಿದು, ನಾವು ಉಂಡು ಮಲಗುವ ವೇಳೆಗೆ ಮುಳುಗುತ್ತದಂತೆ. ಹುಸೇನಸಾಬರು ಕಲಿಸದೆ ಬಿಟ್ಟ ಪಾಠ ಅದೊಂದೇ ಇರಬೇಕು. ಮನೆಯನ್ನು ತಿರುಗಿಸಿದೆ, ಕೆರೆ ತನ್ನ ಜಾಗಕ್ಕೆ ಹೋಯಿತು. ಸಾಹೇಬರು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ತೋಪು, ಆ ನಾಲ್ಕು ಗಂಟೆಯ ನೆರಳು, ಸಾಹೇಬರ ಕಣ್ಣು ಮುಚ್ಚಿದ ನಡಿಗೆ, ಇವು ಈಗಲೂ ನನಗೆ ಆಗಾಗ ಬೇಕೆನಿಸುತ್ತವೆ.

ಒಂದು ವಾರದಲ್ಲಿ ನಕಾಶೆ ಬಹಳಷ್ಟು ತುಂಬಿತು. ವಾಯವ್ಯ ಮೂಲೆ ಮಾತ್ರ ಬಿಳಿಯಾಗಿಯೇ ಉಳಿಯಿತು.

“ಇಲ್ಲೇನಿತ್ರಿ?”

“ಅಲ್ಲಿ ಒಕ್ಕಲುಗಳಿದ್ದರು.”

“ಎಷ್ಟ್ ಮನೀ?”

ಸಾಹೇಬರು ಆ ಬಿಳಿ ಮೂಲೆಯ ಮೇಲೆ ಬೆರಳಿಟ್ಟರು. ನಾನು ಲೇಖಣಿ ಹಿಡಿದುಕೊಂಡೇ ಇದ್ದೆ.

“ನನಗೆ ಗೊತ್ತಿಲ್ಲ,” ಎಂದರು ಕೊನೆಗೆ. “ಮೊದಲು ಅವರು ಕೆರೆಯ ದಂಡೆಯಲ್ಲಿದ್ದರಂತೆ. ಮನೆಯಿಂದ ಕೆರೆ ಕಾಣಬೇಕೆಂದು ನಮ್ಮ ಹಿರಿಯರು ಅವರನ್ನು ಎಬ್ಬಿಸಿ ಆ ಕಲ್ಲುನೆಲಕ್ಕೆ ಕಳಿಸಿದರು. ನಮ್ಮ ಕಾಗದಗಳಲ್ಲಿ ಅದನ್ನು ಸುಧಾರಣೆ ಎಂದು ಬರೆದಿತ್ತು. ನಾನು ಒಮ್ಮೆಯೂ ಅಲ್ಲಿಗೆ ಹೋಗಲಿಲ್ಲ. ದೂರವೇನೂ ಇರಲಿಲ್ಲ, ಚನ್ನಬಸಪ್ಪನವರೇ. ಹೋಗಲಿಲ್ಲ.”

ಅವರು ಎದ್ದು ಡೇರೆಯ ಒಳಗೆ ಹೋದರು. ನಾನು ಹಲಗೆಯ ಮುಂದೆ ಕುಳಿತೇ ಇದ್ದೆ. ಒಂದು ಕಡೆ ಅವರ ನಕಾಶೆ, ಪಕ್ಕದಲ್ಲಿ ನಾನು ಬರೆದ ದೇಸಾಯರ ನಕಾಶೆ. ಅದರಲ್ಲೂ ಒಂದು ಬಿಳಿ ಮೂಲೆ, ಅದರ ಮೇಲೆ ನನ್ನದೇ ಅಕ್ಷರದಲ್ಲಿ ‘ಖುಲ್ಲಾ’.

ಮರುದಿನ ಬೆಳಿಗ್ಗೆ ಏರಿಯಿಂದ ಕೇರಿಗೆ ಇಳಿದೆ. ಮೊದಲ ಮನೆಯ ಮುಂದೆ ಒಬ್ಬ ಮುದುಕಿ ಭತ್ತ ಒಣಹಾಕುತ್ತಿದ್ದಳು. ನೀಲವ್ವ ಎಂದು ಹೆಸರು. ದೇಸಾಯರ ಗದ್ದೆ ಮಾಡುವ ಹಳೆಯ ಒಕ್ಕಲಿನವಳು. ನಾನು ಯಾರೆಂದು ಹೇಳಿ, ಮನೆ ನೋಡಲು ಬಂದಿದ್ದೇನೆ ಎಂದೆ.

“ಈಗ ಬಂದಿರೇನ್ರಿ? ಇಲ್ಲಿ ಯಾರೂ ಇಲ್ಲ ಅಂತ ಆಗ್ಲೇ ಬರದೀರಂತಲ್ಲ?”

“ಸುಗ್ಗೀ ಗುಡಸಲಾ ಅಂತ ಹೇಳಿದ್ರವ್ವಾ.”

“ಯಾರ ಹೇಳಿದ್ರು ಅಂತ ನಾ ಕೇಳಾಂಗಿಲ್ಲ. ಒಳಗ ಬರ್ರಿ. ತಲಿ ಬಗ್ಗಿಸಿ ಬರ್ರಿ, ಬಾಗಲಾ ಗಿಡ್ಡ ಐತಿ.”

ಒಳಗೆ ಕತ್ತಲೆ ಕತ್ತಲೆ. ಅವಳು ನೆಲದ ಮೇಲಿದ್ದ ಚಾಪೆ ಸರಿಸಿದಳು. ನಡುಮನೆಯ ನೆಲದಲ್ಲಿ ಭತ್ತ ಕುಟ್ಟುವ ಕಲ್ಲಿನ ಒರಳು, ಕಂಠದ ತನಕ ಹುಗಿದದ್ದು. ಒನಕೆಯ ಪೆಟ್ಟಿಗೆ ಒಳಗೆಲ್ಲ ನುಣ್ಣಗಾಗಿ ಕನ್ನಡಿಯಂತೆ ಹೊಳೆಯುತ್ತಿತ್ತು.

“ಇದನ್ನ ನಮ್ಮ ಅತ್ತೀ ಅತ್ತಿ ಹುಗಿಸಿದ್ದು. ಕೈ ಹಾಕಿ ನೋಡ್ರಿ, ಎಷ್ಟ ಆಳ ಸವದೈತಿ. ನಾಳೆ ಕಿತ್ಗೊಂಡ ಹೋಗವ್ರು ಒರಳ ಹುಗೀತಾರೇನ್ರಿ?”

ಕೈ ಹಾಕಿದೆ. ಒಂದೊಂದೇ ಮನೆಗೆ ಹೋದೆ. ಹದಿನಾಲ್ಕು ಮನೆ, ಹದಿನಾಲ್ಕು ಒರಳು. ಎರಡು ಮನೆಗಳಲ್ಲಿ ಜನರಿರಲಿಲ್ಲ. ಒಲೆಯ ಬೂದಿ ಮಾತ್ರ ಇತ್ತು.

“ಇವ್ರೆಲ್ಲಿ ಹೋದ್ರು?”

“ನಿಮ್ಮ ನಕಾಶಿ ಸುದ್ದಿ ಕೇಳಿ ಅಂಜಿದ್ರು. ಅಕ್ಕಿಆಲೂರಾಗ ಗಿರಣಿ ಕೆಲಸಾ ಸಿಗತೈತಂತ ಗಂಟಮೂಟಿ ಕಟಗೊಂಡ ಹೋದ್ರು” ಎಂದಳು ನೀಲವ್ವ. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ತೋಪಿಗೆ ಬರುವಷ್ಟರಲ್ಲಿ ಮೈ ಬೆವೆತಿತ್ತು. ಹುಕುಮಿನ ಕಾಗದಗಳು ಸಾಹೇಬರ ಮೇಜಿನ ಮೇಲಿದ್ದವು, ಅಂದೇ ಸಹಿಯಾಗಬೇಕು. ಸಹಿ ಮಾಡಿಕೊಟ್ಟ ನಕಾಶೆಯನ್ನು ನಾನೇ ಸುಳ್ಳು ಎಂದರೆ ನೌಕರಿ ಹೋಗಬಹುದು. ಮನೆಯಲ್ಲಿ ಮದುವೆಗಿದ್ದ ತಂಗಿ ಕಣ್ಣ ಮುಂದೆ ಬಂದಳು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂಬುದನ್ನೂ ಇಲ್ಲಿ ಮುಚ್ಚಿಡುವುದಿಲ್ಲ, ಹಾಗೆ ನೆನೆದೆ. ಆದರೂ ಕಾಲು ಒಳಗೆ ನಡೆದವು.

“ಸಾಹೇಬ್ರ, ನಕಾಶೆದಾಗ ತಪ್ಪ ಐತ್ರಿ.”

ಅವರು ತಮ್ಮ ಮನೆತನದ ನಕಾಶೆ ಎಂದುಕೊಂಡು ಉತ್ಸಾಹದಿಂದ ತಲೆಯೆತ್ತಿದರು. “ಯಾವ ಭಾಗದಲ್ಲಿ?”

“ನಿಮ್ಮದರಾಗ ಅಲ್ರಿ. ನಾ ಅಳದದ್ದರಾಗ. ಬೇವಿನಕೇರಿ ಖುಲ್ಲಾ ಇಲ್ರಿ. ಹದಿನಾಕ ಮನೀ ಅದಾವು. ತಪ್ಪ ಆತ್ರಿ, ಮತ್ತ ಅಳೀತೇನಿ.”

“ತಾವು ಆ ಸ್ಥಳಕ್ಕೆ ಹೋಗಿ ನೋಡಿ ಬರೆದಿರೋ?”

“ಇಲ್ರಿ.”

“ಹೋಗದೆಯೇ ಸಹಿ ಮಾಡಿದಿರೋ?”

“ಹೌದ್ರಿ.”

ಅವರ ಕತ್ತು ಇನ್ನಷ್ಟು ಕೆಂಪಾಯಿತು. ಬೈಯಲು ಬಾಯಿ ತೆರೆದವರು ತಮ್ಮ ಮನೆತನದ ನಕಾಶೆಯತ್ತ ನೋಡಿದರು. ಆಮೇಲೆ ಟೋಪಿ ತೆಗೆದುಕೊಂಡು, “ನಡೆಯಿರಿ” ಎಂದರು.

ಅಷ್ಟು ಎತ್ತರದ ಮನುಷ್ಯ ಸೊಂಟ ಮುರಿದಂತೆ ಬಗ್ಗಿ ಹದಿನಾಲ್ಕು ಮನೆಗಳೊಳಗೂ ಹೋದರು. ನೀಲವ್ವನ ಮನೆಯಲ್ಲಿ ಮಂಡಿಯೂರಿ ಒರಳಿಗೆ ಕೈ ಹಾಕಿದರು, ಮೊಳಕೈ ತನಕ ಹೋಯಿತು. ಸುದ್ದಿ ತಿಳಿದು ಕಾರಭಾರಿ ಓಡಿ ಬಂದ. ಇವು ಗುಡಿಸಲುಗಳೇ, ಕೋರ್ಟಿಗೂ ಹಾಗೆಯೇ ಹೇಳಿದ್ದೇವೆ ಎಂದು ವಾದಿಸಿದ. ಸಾಹೇಬರು ಕೈ ತೆಗೆಯದೆಯೇ ಅವನ ಕಡೆ ನೋಡಿದರು.

“ಕಾರಭಾರಿಯವರೇ, ತಾವು ಇದರೊಳಗೆ ಕೈ ಹಾಕಿ, ಆಮೇಲೆ ಮಾತನಾಡಿರಿ.”

ಕಾರಭಾರಿ ಕೈ ಹಾಕಲಿಲ್ಲ.

ಪಾಲಿನ ಹುಕುಮು ಎಂಟು ದಿನ ನಿಂತಿತು. ನಾನು ಕೇರಿಯನ್ನು ಅಳೆದೆ. ಎಷ್ಟು ನಿಧಾನವಾಗಿ ಅಳೆದೆನೆಂದರೆ ಸರಪಳಿ ಹಿಡಿದ ಆಳು ಬೇಸತ್ತು ಹೋದ. ಬೇವಿನಕೇರಿಗೆ ಬೇರೆ ನಂಬರು ಬಿತ್ತು, ಯಾವ ದೇಸಾಯರ ಪಾಲಿಗೂ ಸೇರದಂತೆ. ಸಾಹೇಬರು ನನ್ನನ್ನೂ ಬಿಡಲಿಲ್ಲ. ಸ್ಥಳಕ್ಕೆ ಹೋಗದೆ ಸಹಿ ಮಾಡಿದ್ದಕ್ಕೆ ಲಿಖಿತ ಎಚ್ಚರಿಕೆ ಕೊಟ್ಟು ಹಿರೇಕೆರೂರಿಗೆ ವರ್ಗ ಮಾಡಿದರು. ನ್ಯಾಯವೇ ಆಗಿತ್ತು.

ಹೊರಡುವ ಮುಂಚೆ ನೀಲವ್ವನಿಗೆ ಹೇಳಿ ಹೋಗಲು ಹೋದೆ. ಹೊಗಳುತ್ತಾಳೆಂದು ಮನಸ್ಸಿನ ಮೂಲೆಯಲ್ಲಿ ಆಸೆಯಿತ್ತೋ ಏನೋ. ಅವಳು, “ಆ ಎರಡ ಮನ್ಯಾವ್ರನ್ನ ಕರಕೊಂಡ ಬರ್ರಿ” ಎಂದಳು. ಅಕ್ಕಿಆಲೂರಿಗೆ ಹೋಗಿ, ಅಕ್ಕಿ ಗಿರಣಿಯ ಹಿಂದೆ ತೌಡಿನ ಧೂಳಿನಲ್ಲಿ ನಿಂತಿದ್ದ ಒಬ್ಬನನ್ನು ಹುಡುಕಿ ಎಲ್ಲ ಹೇಳಿದೆ. ಈಗ ನಿಮ್ಮ ಮನೆ ನಕಾಶೆಯಲ್ಲಿದೆ, ವಾಪಸು ಬನ್ನಿರಿ ಎಂದೆ. ಅವನು ಕೈ ಒರೆಸಿಕೊಂಡು ಶಾಂತವಾಗಿ ಹೇಳಿದ:

“ಒಮ್ಮೆ ಇಲ್ಲ ಅಂತ ಬರದ್ರಿ, ಈಗ ಐತಿ ಅಂತ ಬರದೀರಿ. ನಾಳೆ ಬರೇವ್ರು ಮತ್ತ್ಯಾರೋ. ನಾವು ಬರಂಗಿಲ್ರಿ, ಸಾಹೇಬ್ರ.”

ಅವರು ಬರಲಿಲ್ಲ. ಎರಡನೆಯ ಮನೆಯವರೂ ಬರಲಿಲ್ಲ. ತಿದ್ದಿದ ನಕಾಶೆ ತಪ್ಪು ನಕಾಶೆಯ ಕೆಲಸವನ್ನು ಪೂರ್ತಿ ಅಳಿಸುವುದಿಲ್ಲ. ಹೊಸಬರಿಗೆ ನಾನು ಹೇಳಬೇಕೆಂದಿರುವುದರಲ್ಲಿ ಇದು ಮುಖ್ಯ.

ಹಿರೇಕೆರೂರಿನಲ್ಲಿ ನಾನು ಗಟ್ಟಿಯಾದೆ. ನಮ್ಮೂರು ಹತ್ತಿರ, ಅವ್ವನ ಕೈಯೂಟ, ಮಡ್ಡಿ ಹೊಲಗಳ ಕೆಲಸ. ಅಷ್ಟರಲ್ಲಿ ಮಹಾಯುದ್ಧ ಶುರುವಾಯಿತು. ಸೀಮೆಎಣ್ಣೆ, ಕಾಗದ, ಎಲ್ಲಕ್ಕೂ ತತ್ವಾರ. ಒಂದು ದಿನ ಪ್ರಾಂತ ಸಾಹೇಬರು ಪ್ರವಾಸಿ ಬಂಗಲೆಗೆ ಬಂದಿದ್ದಾರೆ, ನಕಾಶೆಯ ಹಲಗೆ ತೆಗೆದುಕೊಂಡು ಬರಬೇಕಂತೆ ಎಂದು ಕರೆ ಬಂತು. ಮತ್ತೇನು ತಪ್ಪಾಯಿತೋ ಎಂದು ಹೆದರುತ್ತಲೇ ಹೋದೆ.

ಮಾರ್ತಂಡ ಸಾಹೇಬರು ಬಂಗಲೆಯ ಪಡಸಾಲೆಯಲ್ಲಿ ಕುಳಿತಿದ್ದರು. ತಲೆ ಬೆಳ್ಳಗಾಗಿತ್ತು. ಮೇಜಿನ ಮೇಲೆ ನಾನು ತೋಪಿನಲ್ಲಿ ಬರೆದ ನಕಾಶೆ, ಪಕ್ಕದಲ್ಲಿ ಅದರ ಒಂದು ನಕಲು, ಒಂದು ಲಕೋಟೆ. ಯುದ್ಧಕಾಲದ ತಪಾಸಣೆಯವರು ಲಕೋಟೆಯ ಬದಿ ಕತ್ತರಿಸಿ ಮತ್ತೆ ಅಂಟಿಸಿದ್ದರು.

“ನಾನು ಆ ನಕಲನ್ನು ತಾಯಿಯವರಿಗೆ ಕಳುಹಿಸಿದ್ದೆ,” ಎಂದರು. “ವಾಯವ್ಯ ಮೂಲೆ ಖಾಲಿಯಿದೆ, ಅಲ್ಲಿ ಏನಿತ್ತೆಂದು ನಿಮಗೇನಾದರೂ ಗೊತ್ತೇ ಎಂದು ಕೇಳಿದ್ದೆ. ನೋಡಿರಿ.”

ನೋಡಿದೆ. ಖಾಲಿ ಮೂಲೆಯಲ್ಲಿ ಆ ತಾಯಿ ಪೆನ್ಸಿಲಿನಲ್ಲಿ ಏಳು ಮನೆ ಬರೆದಿದ್ದರು. ಪ್ರತಿ ಮನೆಗೂ ಬಾಗಿಲು, ಪ್ರತಿ ಬಾಗಿಲಿಗೂ ದಿಕ್ಕು, ಪಕ್ಕದಲ್ಲಿ ಹೆಸರು. ಒಂದು ಮನೆಯ ಮುಂದೆ ಬಾವಿ. ಇನ್ನೊಂದರ ಹಿಂದೆ ಮುಳ್ಳಿನ ಗಿಡ.

“ನನಗೆ ಒಬ್ಬ ತಮ್ಮನಿದ್ದನಂತೆ, ಕೂಸಿದ್ದಾಗಲೇ ತೀರಿದ,” ಎಂದರು ಸಾಹೇಬರು. ಪುಸ್ತಕದ ಕನ್ನಡ ಆಗ ತಡವರಿಸಿತು. “ಆ ದಿನಗಳಲ್ಲಿ ಈ ಮೂರನೆಯ ಮನೆಯ ಹೆಂಗಸು ಹಿಂಬಾಗಿಲಿನಿಂದ ಬಂದು ತಾಯಿಯವರ ಹತ್ತಿರ ಕುಳಿತಿರುತ್ತಿದ್ದಳಂತೆ. ಆಮೇಲೆ ತಾಯಿಯೇ ತಂದೆಗೆ ಹೇಳದೆ ಅಲ್ಲಿಗೆ ಹೋಗುತ್ತಿದ್ದರಂತೆ, ಅನೇಕ ವರ್ಷ. ಎಲ್ಲರ ಹೆಸರೂ ಗೊತ್ತು. ನನಗೇಕೆ ಹೇಳಲಿಲ್ಲ ಎಂದು ಬರೆದು ಕೇಳಿದೆ. ನೀನು ಕೇಳಲಿಲ್ಲವಲ್ಲ ಎಂದು ಉತ್ತರ ಬಂತು.”

ಅವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ನಾನು ಮಸಿಯ ಕುಪ್ಪಿಗೆಯ ಮುಚ್ಚಳ ತೆಗೆಯುತ್ತ ಹೊತ್ತು ಕಳೆದೆ.

ಮೂಲ ನಕಾಶೆಯ ಮೇಲೆ ಆ ಮನೆಗಳನ್ನು ಏರಿಸಬೇಕಿತ್ತು. ಕೆಲಸಕ್ಕೆ ಕುಳಿತಾಗ ಒಂದು ತೊಡಕು ಕಂಡಿತು. ಸಾಹೇಬರ ತಾಯಿ ಗುಡಿಸಲುಗಳನ್ನು ಬಹಳ ದೊಡ್ಡದಾಗಿ ಬರೆದಿದ್ದರು. ಒಂದೊಂದೂ ಕೆರೆದಂಡೆಯ ದೊಡ್ಡ ಮನೆಯಷ್ಟೇ ಇತ್ತು. ಮೂರನೆಯದು ಅದಕ್ಕಿಂತ ಒಂದು ಕೂದಲೆಳೆ ಹೆಚ್ಚೇ.

“ಸಾಹೇಬ್ರ, ಅಳತಿ ಪ್ರಕಾರ ಹಿಡದ್ರ ಇಷ್ಟ ದೊಡ್ಡ ಬರಾಂಗಿಲ್ರಿ. ಸಣ್ಣ ಮಾಡಿ ಬರೀಲೇನ್ರಿ?”

ಸಾಹೇಬರು ತಿರುಗಿ ನಕಲನ್ನು ಕೈಗೆ ತೆಗೆದುಕೊಂಡರು. ಮೂರನೆಯ ಮನೆಯ ಗೆರೆಗಳ ಮೇಲೆ ಬೆರಳಾಡಿಸಿದರು.

“ಬೇಡ,” ಎಂದರು. “ಇದ್ದ ಹಾಗೆಯೇ ಬರೆಯಿರಿ.”

ಅವರು ಒಂದೊಂದೇ ಹೆಸರು ಓದಿ ಹೇಳಿದರು. ನನ್ನ ನಾಲಿಗೆಗೆ ಹೊರಳದ ಹೆಸರುಗಳು. ಇಡೀ ನೌಕರಿಯಲ್ಲಿ ನಾನು ತಿಳಿದೂ ತಿಳಿದೂ ಅಳತೆ ಬಿಟ್ಟು ಬರೆದ ನಕಾಶೆ ಅದೊಂದೇ. ಏಳೂ ಮನೆಗಳನ್ನು ಆ ತಾಯಿ ಬರೆದಷ್ಟೇ ದೊಡ್ಡದಾಗಿ ಬರೆದು, ಬಾಗಿಲುಗಳನ್ನು ಆಕೆ ಹೇಳಿದ ದಿಕ್ಕಿಗೇ ಇಟ್ಟು, ಮಸಿ ಆರುವ ತನಕ ಕಾಗದದ ಎರಡು ತುದಿಗಳನ್ನು ನಾವಿಬ್ಬರೂ ಹಿಡಿದುಕೊಂಡು ಕುಳಿತೆವು.